ಮಂದ್ರ
ಸಬ್‌ವೂಫರ್ ಪರೀಕ್ಷಿಸುವಾಗ ಎಲ್ಲರೂ ‘ಬೇಸ್’ ಎನ್ನುವುದಕ್ಕೆ ನಮ್ಮಲ್ಲಿ ಮಂದ್ರ ಎಂಬ ಪದವಿದೆ. ಋಗ್ವೇದದಲ್ಲಿ ಅದರರ್ಥ ಹಿತವಾದದ್ದು. ಬರಬರುತ್ತ ತಗ್ಗಿನ, ಗಂಭೀರ ದನಿಗೆ ನಿಂತಿತು. ಮಾನ್ವಿ ಕಡೆಯ ಬಾಗಲವಾಡದ ಸೀಮೆಗೆ ಈ ದನಿ ಹೊಸದಲ್ಲ: ಮಾನ್ವಿಯ ಹರಿದಾಸ ಜಗನ್ನಾಥದಾಸರಂಥವರ ಪದಗಳಿಗೆ ಶ್ರುತಿಯಾಗುವ ತಂಬೂರಿಯ ಕೊನೆಯ ತಂತಿ ಮಂದ್ರ ಷಡ್ಜದ್ದೇ. ಮಂದ್ರ ಹಾಡುವವರ ಶ್ರುತಿಗೆ ತಕ್ಕಂತೆ ಬದಲಾಗುತ್ತದೆ, ಯಂತ್ರದ ಅಳತೆಗೆ ಒಗ್ಗದು ಎನ್ನಬಹುದು. ಬದಲಾಗುವುದು ನಿಜ, ಆದರೆ ಲೆಕ್ಕ ತಪ್ಪದು: ಮಧ್ಯ ಷಡ್ಜ 138 ಹರ್ಟ್ಸ್ ಇದ್ದರೆ ಮಂದ್ರ ಷಡ್ಜ ಅದರರ್ಧ, 69. ಅಷ್ಟನ್ನು ಮಧ್ಯಮ ಗಾತ್ರದ ಸ್ಪೀಕರೂ ನುಡಿಸೀತು. ಸಬ್‌ವೂಫರಿನ ಕಸುವು ತಿಳಿಯುವುದು ಇನ್ನೊಂದು ಸ್ಥಾಯಿ ಕೆಳಗಿನ ಷಡ್ಜದಿಂದ, ಎಂದರೆ ಸುಮಾರು 35ರಿಂದ, 20 ಹರ್ಟ್ಸ್‌ವರೆಗೆ. ಆ ಷಡ್ಜದ ಸ್ಥಾಯಿಗೂ ಸಂಗೀತಗಾರರು ಅನುಮಂದ್ರ ಎಂದು ಹೆಸರಿಟ್ಟಿದ್ದಾರೆ. ಅಷ್ಟು ತಗ್ಗಿನಲ್ಲಿ ಕಿಟಕಿಯ ಗಾಜು ಗಡಗಡಿಸಿದರೆ ಅದನ್ನು ಸ್ಪೀಕರ್ ಪೆಟ್ಟಿಗೆಯ ದನಿಯೆಂದು ಎಣಿಸಬಾರದು.