ಬೀದರಿನ ಮಹಮೂದ್ ಗವಾನ್ ಮದರಸಾ: ಒಂದು ಕ್ಷೇತ್ರಾವಲೋಕನ

ಹೈದರಾಬಾದಿನ ಮಿಯಾಪುರದಿಂದ ಮುಂಬಯಿ ಹೆದ್ದಾರಿಯನ್ನು ಹಿಡಿದು ಪಟಾನ್‌ಚೆರು, ಸಂಗಾರೆಡ್ಡಿ, ಜಹೀರಾಬಾದುಗಳನ್ನು ದಾಟಿ ಉತ್ತರಕ್ಕೆ ತಿರುಗಿದರೆ ಬೀದರು ಸಿಗುತ್ತದೆ. ದೂರ ನೂರು ಕಿಲೋಮೀಟರಿಗೆ ತುಸು ಮಿಕ್ಕಿದ್ದು. ಇತಿಹಾಸದ ದೃಷ್ಟಿಯಿಂದ ಇದು ಕವಲಿನಿಂದ ಬುಡದ ಕಡೆಗೆ ನಡೆಯುವ ದಾರಿ. ಗೋಲ್ಕೊಂಡದ ಕುತುಬ್‌ಶಾಹಿ ಮನೆತನದ ಮೂಲಪುರುಷನಾದ ಸುಲ್ತಾನ್ ಕುಲಿ ಬೀದರಿನ ಬಹಮನಿ ಆಸ್ಥಾನದ ಸರದಾರನಾಗಿದ್ದವನು. 1591ರಲ್ಲಿ ಹೈದರಾಬಾದ್ ನಗರವು ತಲೆಯೆತ್ತುವುದಕ್ಕೆ ಶತಮಾನಕ್ಕೂ ಮೊದಲೇ ಬೀದರಿನಲ್ಲಿ ಒಂದು ಮಹಾವಿದ್ಯಾಲಯ ನಿಂತಿತ್ತು. ಆ ವಿದ್ಯಾಲಯದ ಅವಶೇಷವನ್ನು ನೋಡಿ, ಅದು ಕರ್ನಾಟಕದ ಇತಿಹಾಸಕಾರರ ಮುಂದಿಡುವ ಕೆಲವು ಪ್ರಶ್ನೆಗಳನ್ನು ಪರಿಶೀಲಿಸುವುದು ನಮ್ಮ ಉದ್ದೇಶ.

ಊರ ನಡುವಿನ ಚೌಬಾರದಿಂದ ಕೋಟೆಯ ಕಡೆಗೆ ಹೋಗುವ ಬೀದಿಯಲ್ಲಿ ಈ ಮದರಸಾ ಇದೆ. 1472ರಲ್ಲಿ ಕಟ್ಟಲಾದ ಇದು ಮೂರು ಅಂತಸ್ತಿನ ಕಟ್ಟಡ. ಉದ್ದ ಸುಮಾರು 205 ಅಡಿ, ಅಗಲ 180 ಅಡಿ. ನಡುವೆ ಚೌಕಾಕಾರದ ತೆರೆದ ಅಂಗಳ. ಉತ್ತರ, ದಕ್ಷಿಣ ಮತ್ತು ಪಶ್ಚಿಮದ ಪಾರ್ಶ್ವಗಳ ಮಧ್ಯದಲ್ಲಿ ಒಂದೊಂದು ಎತ್ತರದ ಉಪನ್ಯಾಸ ಮಂದಿರ. ಅವುಗಳ ನಡುವಣ ಸಾಲುಗಳಲ್ಲಿ ವಿದ್ಯಾರ್ಥಿಗಳ ಕೊಠಡಿಗಳು, ಮೂಲೆಗಳಲ್ಲಿ ಅಧ್ಯಾಪಕರ ವಸತಿಗಳು. ಮಸೀದಿಯೂ ಗ್ರಂಥಾಲಯವೂ ಇದೇ ಸೂರಿನ ಅಡಿಯಲ್ಲಿದ್ದವು. ಪೂಜೆ, ಪಾಠ, ವಾಸ ಈ ಮೂರಕ್ಕೂ ಒಂದೇ ಆವರಣವನ್ನು ಕಲ್ಪಿಸಿದ ಈ ವಿನ್ಯಾಸ ತೈಮೂರಿ ಮಧ್ಯ ಏಷ್ಯಾದ ಮದರಸಾಗಳ ಪರಂಪರೆಗೆ ಸೇರಿದ್ದು; ದಖ್ಖನಿನಲ್ಲಿ ಇದಕ್ಕೆ ಸಾಟಿಯಾದ ಇನ್ನೊಂದು ಕಟ್ಟಡ ಉಳಿದಿಲ್ಲ. ಪೂರ್ವದ ಮುಖಭಾಗದಲ್ಲಿ ಎರಡು ಮಿನಾರುಗಳಿದ್ದವು. ಇಂದು ಉತ್ತರದ ತುದಿಯದೊಂದೇ ನಿಂತಿದೆ. ಅದರ ಮೈಮೇಲೆ ಅಂಕುಡೊಂಕು ಪಟ್ಟೆಗಳಲ್ಲಿ ಕೂಡಿಸಿದ ನೀಲಿ, ಬಿಳಿ, ಹಳದಿ ಮೆರುಗುಬಿಲ್ಲೆಗಳು ಅಲ್ಲಲ್ಲಿ ಉಳಿದಿದ್ದು, ಬೆಳಗಿನ ಬಿಸಿಲಿನಲ್ಲಿ ಹೊಳೆಯುವುದನ್ನು ನಾವು ಕಂಡೆವು.

ಇದನ್ನು ಕಟ್ಟಿಸಿದ ಖ್ವಾಜಾ ಮಹಮೂದ್ ಗವಾನ್ ಕ್ಯಾಸ್ಪಿಯನ್ ಸಮುದ್ರತೀರದ ಗಿಲಾನಿನವನು. ಹದಿನೈದನೆಯ ಶತಮಾನದ ನಡುಭಾಗದಲ್ಲಿ ವ್ಯಾಪಾರದ ನಿಮಿತ್ತ ದಖ್ಖನಿಗೆ ಬಂದು, ಬಹಮನಿ ಸುಲ್ತಾನರ ಸೇವೆಗೆ ಸೇರಿ, ಮೂರನೆಯ ಮುಹಮ್ಮದ್ ಶಾಹನ ಕಾಲದಲ್ಲಿ ಪ್ರಧಾನಮಂತ್ರಿಯಾದನು. ಆತನ ಪತ್ರಸಂಗ್ರಹವಾದ ‘ರಿಯಾಜ್-ಉಲ್-ಇನ್ಷಾ’ ಫಾರಸಿ ಗದ್ಯದ ಗಣ್ಯಕೃತಿಗಳಲ್ಲೊಂದು. ಹೆರಾತಿನ ಕವಿ ಜಾಮಿಯೊಡನೆ ಆತನಿಗೆ ಪತ್ರವ್ಯವಹಾರವಿತ್ತು. ಗ್ರಂಥಾಲಯದಲ್ಲಿ 3,000 ಹಸ್ತಪ್ರತಿಗಳಿದ್ದವೆಂಬುದು ಪರಂಪರೆಯಿಂದ ಬಂದ ಲೆಕ್ಕ.

ಆದರೆ ವಿದ್ಯಾಪೋಷಕನಾದ ಗವಾನನನ್ನು ಸೇನಾನಿಯಾದ ಗವಾನನಿಂದ ಬೇರ್ಪಡಿಸಿ ನೋಡುವುದು ಸರಿಯಾಗದು. ಮದರಸಾ ಏಳುತ್ತಿದ್ದ ವರ್ಷದಲ್ಲಿಯೇ ಆತನು ಗೋವೆಯನ್ನು ಗೆದ್ದನು; ಅದರ ಬೆನ್ನಿಗೇ ಬೆಳಗಾವಿಯ ಕೋಟೆಯೂ ಬಹಮನಿಗಳ ವಶವಾಯಿತು. ಬೆಳಗಾವಿಯ ಮುತ್ತಿಗೆಯಲ್ಲಿ ಸಿಡಿಮದ್ದಿನ ಸುರಂಗಗಳನ್ನು ಬಳಸಿದ ವಿವರವನ್ನು ಫೆರಿಷ್ತಾ ಕೊಟ್ಟಿದ್ದಾನೆ. ಇತ್ತ ಆಡಳಿತದಲ್ಲಿ ಗವಾನನು ನಾಲ್ಕು ಪ್ರಾಂತ್ಯಗಳನ್ನು ಎಂಟಾಗಿ ವಿಂಗಡಿಸಿ, ಒಬ್ಬ ಪ್ರಾಂತಾಧಿಪತಿಯ ಕೈಯಲ್ಲಿ ಒಂದೇ ಕೋಟೆ ಉಳಿಯುವಂತೆ ಕಟ್ಟುಮಾಡಿದನು. ಸ್ಥಳೀಯರಾದ ದಖ್ಖನಿಗಳು ಮತ್ತು ಹೊರಗಿನಿಂದ ಬಂದ ಆಫಾಕಿಗಳ ನಡುವೆ ಪದವಿಗಳನ್ನು ಸಮವಾಗಿ ಹಂಚಲು ಯತ್ನಿಸಿದನು. ಅಧಿಕಾರ ಮೊಟಕಾದವರು ಇದನ್ನು ಸಹಿಸಲಿಲ್ಲ. ಒರಿಸ್ಸಾದ ಅರಸನಿಗೆ ಬರೆದಂತೆ ಒಂದು ಸುಳ್ಳು ಪತ್ರವನ್ನು ಸೃಷ್ಟಿಸಿ, ಆತನ ಮುದ್ರೆಯನ್ನು ಒತ್ತಿಸಿ, ಸುಲ್ತಾನನ ಮುಂದಿಟ್ಟರು. 1481ರ ಏಪ್ರಿಲ್ 5ರಂದು ವೃದ್ಧ ಮಂತ್ರಿಯ ಶಿರಚ್ಛೇದವಾಯಿತು. ಪತ್ರಲೇಖನದ ಕಲೆಯಲ್ಲಿ ಆಚಾರ್ಯನೆನಿಸಿದವನ ಪ್ರಾಣವನ್ನು ತಾನು ಬರೆಯದ ಪತ್ರವೊಂದು ತೆಗೆದುಕೊಂಡಿತು. ಮರುವರ್ಷವೇ ಸುಲ್ತಾನನೂ ತೀರಿಕೊಂಡನು. ರಾಜ್ಯವು ಕ್ರಮೇಣ ಐದು ಹೋಳಾಯಿತು.

ಸ್ಥಾಪಕನೊಡನೆ ಸಂಸ್ಥೆಯೂ ಅಳಿಯಿತೆಂದು ಭಾವಿಸಲು ಆಧಾರವಿಲ್ಲ. ಹದಿನೇಳನೆಯ ಶತಮಾನದ ಆರಂಭದಲ್ಲಿ ಬರೆದ ಫೆರಿಷ್ತಾ ಈ ಕಟ್ಟಡ ಸುಸ್ಥಿತಿಯಲ್ಲಿತ್ತೆಂದು ಹೇಳುತ್ತಾನೆ. ಔರಂಗಜೇಬನು 1657ರಲ್ಲಿ ಬೀದರನ್ನು ವಶಪಡಿಸಿಕೊಂಡ ಮೇಲೆ, ಮೊಗಲರ ಆಳ್ವಿಕೆಯಲ್ಲಿ ಇಲ್ಲಿ ಅಶ್ವಪಡೆಯೊಂದು ಬೀಡುಬಿಟ್ಟಿತು. ಮಿನಾರುಗಳ ಹತ್ತಿರದ ಕೊಠಡಿಗಳಲ್ಲಿ ಸಿಡಿಮದ್ದನ್ನು ತುಂಬಲಾಯಿತು. 1696ರಲ್ಲಿ ಅದು ಸಿಡಿದು ಒಂದು ಮಿನಾರು, ಮಹಾದ್ವಾರ ಮತ್ತು ದಕ್ಷಿಣ ಪಾರ್ಶ್ವದ ಒಂದು ಭಾಗ ನೆಲಕ್ಕುರುಳಿದವು. ಸಿಡಿಲು ಬಡಿದುದೇ ಕಾರಣವೆಂಬ ಹೇಳಿಕೆಯೂ ಇದೆ. ಸಿಡಿಲೇ ಬಡಿದಿದ್ದರೂ ಓದುವ ಕೋಣೆಗೆ ಮದ್ದನ್ನು ತಂದಿಟ್ಟದ್ದು ಆಕಾಶವಲ್ಲ. ಹೈದರಾಬಾದಿನ ಮಕ್ಕಾ ಮಸೀದಿಯ ಕಾಮಗಾರಿಯನ್ನು 1694ರಲ್ಲಿ ಪೂರ್ಣಗೊಳಿಸಿದ್ದೂ ಇದೇ ಔರಂಗಜೇಬನ ಆಳ್ವಿಕೆ ಎಂಬುದನ್ನು ಇದರೊಡನೆ ಇಟ್ಟು ನೋಡಬೇಕು. ಆದ್ದರಿಂದ ಈ ವಿನಾಶವನ್ನು ಮತಮತಗಳ ಕಲಹದ ಕಥೆಯಾಗಿ ಓದಲು ಅವಕಾಶವಿಲ್ಲ. ವಿದ್ಯೆಗಾಗಿ ಮೀಸಲಾದ ಜಾಗವನ್ನು ಸೈನಿಕ ಅಗತ್ಯವು ಆಕ್ರಮಿಸಿದಾಗ ಏನಾಗುತ್ತದೆಂಬುದಕ್ಕೆ ಇದು ನಿದರ್ಶನ.

ಹೈದರಾಬಾದ್ ಸಂಸ್ಥಾನದ ಪುರಾತತ್ತ್ವ ಇಲಾಖೆ 1914ರಲ್ಲಿ ಸ್ಥಾಪಿತವಾದ ಮೇಲೆ, ಅದರ ನಿರ್ದೇಶಕ ಗುಲಾಂ ಯಜ್ದಾನಿಯವರು ಬೀದರಿನ ಸ್ಮಾರಕಗಳನ್ನು ಅಳತೆಮಾಡಿ, ದುರಸ್ತಿ ಮಾಡಿಸಿ, 1947ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ವಿವರವಾಗಿ ದಾಖಲಿಸಿದರು. ಇಂದಿಗೂ ಅದೇ ಮೊದಲ ಆಕರ. 1956ರ ನವೆಂಬರ್ 1ರಂದು ಬೀದರು ಮೈಸೂರು ರಾಜ್ಯಕ್ಕೆ ಸೇರಿತು. 2014ರಲ್ಲಿ ದಖ್ಖನಿ ಸುಲ್ತಾನರ ಸ್ಮಾರಕಗಳು ವಿಶ್ವಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿದಾಗ ಬೀದರು ಮತ್ತು ಹೈದರಾಬಾದು ಮತ್ತೆ ಒಂದೇ ಸಾಲಿನಲ್ಲಿ ಬಂದವು.

ಭಾಷಾವಾರು ಗಡಿ ಆಡಳಿತಕ್ಕೆ ಅಗತ್ಯವಾಗಿರಬಹುದು. ಸಂಶೋಧನೆಗೆ ಅದು ಬೇಲಿಯಾಗಬಾರದು. ಕನ್ನಡ, ದಖನಿ, ತೆಲುಗು, ಮರಾಠಿಗಳು ಒಂದೇ ಸಂತೆಯಲ್ಲಿ ಕೇಳಿಬರುವ ಈ ನೆಲದ ಮಧ್ಯಕಾಲೀನ ಇತಿಹಾಸದ ಆಕರಗಳು ಬಹುಪಾಲು ಫಾರಸಿಯಲ್ಲಿವೆ. ಅವುಗಳನ್ನು ಮೂಲದಿಂದಲೇ ಓದಬಲ್ಲ ಕನ್ನಡ ವಿದ್ವಾಂಸರು ವಿರಳ. ಹೊರನಾಡಿನಲ್ಲಿದ್ದು ಆ ಭಾಷೆಯ ವಿಭಾಗಗಳ ಸಾಮೀಪ್ಯ ಪಡೆದಿರುವ ಕನ್ನಡ ಸಂಶೋಧಕರು ಈ ಕೊರತೆಯನ್ನು ತುಂಬಲು ಹೆಚ್ಚು ಸಮರ್ಥರೆಂದು ನಾವು ಭಾವಿಸುತ್ತೇವೆ. ಗವಾನನ ಪತ್ರಗಳು ನೇರವಾಗಿ ಕನ್ನಡಕ್ಕೆ ಬರುವುದು ಆ ಕಾರ್ಯದ ಮೊದಲ ಹೆಜ್ಜೆಯಾಗಬಹುದು.