ಗಾಜಿನಂಥ ಪುಟ್ಟ ಜೀವಿ ಗೆಲ್ಲಿಸಿಕೊಟ್ಟ ವಾದ

1/5
ಬ್ಲಡ್ ರಿಪೋರ್ಟಲ್ಲಿ ಬಿಳಿ ರಕ್ತಕಣ ಜಾಸ್ತಿ ಬಂದ್ರೆ ಡಾಕ್ಟ್ರು ಏನಂತಾರೆ? "ಎಲ್ಲೋ ಇನ್‌ಫೆಕ್ಷನ್ ಇದೆ, ಮೈ ಹೋರಾಡ್ತಿದೆ" ಅಂತಾರೆ. ನಮಗಿದು ಮಾಮೂಲಿ ಮಾತು. ಆದರೆ 1880ರ ಸುಮಾರಿಗೆ ಯುರೋಪಿನ ಬಹಳಷ್ಟು ವೈದ್ಯರು ಇದಕ್ಕೆ ಪೂರ್ತಿ ಉಲ್ಟಾ ನಂಬಿದ್ದರು. ಬಿಳಿ ಕಣಗಳು ರೋಗಾಣುವನ್ನು ಹೊತ್ತುಕೊಂಡು ಹೋಗಿ ಮೈಯೆಲ್ಲಾ ಹರಡುತ್ತವೆ ಅನ್ನೋದು ಅವರ ಲೆಕ್ಕ. ಆ ನಂಬಿಕೆ ಅಲ್ಲಾಡಿಸಿದ್ದು ಸಿಗಡಿ, ಏಡಿಗಳ ಬಳಗಕ್ಕೆ ಸೇರಿದ ಒಂದು ಪುಟಾಣಿ ಜೀವಿ. ಹೆಸರು ಡ್ಯಾಫ್ನಿಯಾ, ಅಂದ್ರೆ ನೀರಿನ ಚಿಗಟ.

2/5
ಇಲ್ಯಾ ಮೆಚ್ನಿಕಾಫ್ ಡಾಕ್ಟರ್ ಅಲ್ಲ, ಪ್ರಾಣಿಶಾಸ್ತ್ರಜ್ಞ. 1882ರಲ್ಲಿ ಇಟಲಿಯ ಮೆಸ್ಸಿನಾದಲ್ಲಿ ನಕ್ಷತ್ರಮೀನಿನ ಮರಿಗೆ ಗುಲಾಬಿ ಮುಳ್ಳು ಚುಚ್ಚಿ ನೋಡಿದರು. ಮುಳ್ಳಿನ ಸುತ್ತ ಕಣಗಳು ಮುತ್ತಿಕೊಂಡವು. ಆದ್ರೆ ಮುಳ್ಳು ರೋಗ ಅಲ್ಲವಲ್ಲ! ನಿಜವಾದ ರೋಗ ಬೇಕಿತ್ತು. ಅದು ಡ್ಯಾಫ್ನಿಯಾದಲ್ಲಿ ಸಿಕ್ಕಿತು.

ಈ ಜೀವಿಯ ಗಾತ್ರ ಕೆಲವೇ ಮಿಲಿಮೀಟರ್. ಮೈ ಗಾಜಿನ ಹಾಗೆ ಪಾರದರ್ಶಕ. ಕೊಯ್ಯದೇ, ಜೀವಂತವಾಗಿಯೇ ಒಳಗಿನದನ್ನೆಲ್ಲ ಮೈಕ್ರೋಸ್ಕೋಪಲ್ಲಿ ನೋಡಬಹುದು. ಊಟದ ಜೊತೆ ಒಂದು ಯೀಸ್ಟಿನ ಸೂಜಿಯಂಥ ಬೀಜಕಣಗಳು ಒಳಗೆ ಹೋಗಿ, ಕರುಳು ಚುಚ್ಚಿಕೊಂಡು ಮೈಯೊಳಗೆ ನುಗ್ಗುತ್ತಿದ್ದವು. ತಕ್ಷಣ ರಕ್ತದ ಕಣಗಳು ಬಂದು ಅವನ್ನು ಸುತ್ತುವರಿದು ನುಂಗಿ ಕರಗಿಸುತ್ತಿದ್ದವು. ಕಣಗಳು ಗೆದ್ದರೆ ಡ್ಯಾಫ್ನಿಯಾ ಬದುಕುತ್ತಿತ್ತು. ಯೀಸ್ಟ್ ಮೊಳೆತು ಹೆಚ್ಚಿಬಿಟ್ಟರೆ ಸಾಯುತ್ತಿತ್ತು. 1884ರಲ್ಲಿ ಇದನ್ನು ಪ್ರಕಟಿಸಿದರು. ಆ ಕಣಕ್ಕೆ ಹೆಸರು ಫ್ಯಾಗೋಸೈಟ್, ಅಂದ್ರೆ ತಿನ್ನುವ ಕೋಶ.

3/5
ಎಲ್ಲರೂ ಚಪ್ಪಾಳೆ ತಟ್ಟಿದ್ರಾ? ಇಲ್ಲ. ಜರ್ಮನಿಯ ದೊಡ್ಡ ದೊಡ್ಡವರು ಒಪ್ಪಲಿಲ್ಲ. 1890ರಲ್ಲಿ ಬೆರಿಂಗ್ ಮತ್ತು ಕಿಟಸಾಟೊ ಇನ್ನೊಂದು ಸತ್ಯ ತೋರಿಸಿದರು: ಧನುರ್ವಾಯುವಿನಿಂದ ಕಾಪಾಡೋ ಶಕ್ತಿ ಕಣಗಳೇ ಇಲ್ಲದ ಸೀರಮ್‌ನಲ್ಲೂ ಇದೆ. ಇವತ್ತು ನಾವು ಆಂಟಿಬಾಡಿ ಅನ್ನೋದು ಅದಕ್ಕೇ. ಹಾಗಾದ್ರೆ ಮೈ ಕಾಯೋದು ಕಣವೋ, ದ್ರವವೋ? ವರ್ಷಗಟ್ಟಲೆ ಜಗಳ ನಡೀತು.

ಅಷ್ಟರಲ್ಲಿ, 1888ರಲ್ಲಿ, ಮೆಚ್ನಿಕಾಫ್ ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆ ಸೇರಿದ್ದರು. ಅದೇ ವರ್ಷ ಡ್ಯಾಫ್ನಿಯಾಕ್ಕೆ ರೋಗ ತರುವ ಒಂದು ಬ್ಯಾಕ್ಟೀರಿಯಾವನ್ನು ವಿವರಿಸಿ, ಪಾಶ್ಚರ್ ಹೆಸರನ್ನೇ ಇಟ್ಟರು: ಪಾಶ್ಚುರಿಯಾ. (ರೋಗಾಣುವಿಗೆ ಹೆಸರಿಟ್ಟು ಗೌರವ ಕೊಡೋದು ಅಂದ್ರೆ ಇದೇ ನೋಡಿ 😄)

1908ರ ನೊಬೆಲ್ ಯಾರಿಗೆ ಬಂತು ಗೊತ್ತಾ? ಮೆಚ್ನಿಕಾಫ್‌ಗೂ, ದ್ರವದ ಪಕ್ಷದ ಪಾಲ್ ಎರ್ಲಿಕ್‌ಗೂ, ಸೇರಿಸಿ. ನಮ್ಮ ಮೈಯಲ್ಲಿ ಎರಡೂ ಇವೆ.

4/5
ಡ್ಯಾಫ್ನಿಯಾ, ಸಿಗಡಿ, ಏಡಿಗಳಿಗೆ ಮಾತ್ರ ಆಂಟಿಬಾಡಿ ಇಲ್ಲವೇ ಇಲ್ಲ. ಬ್ಯಾಕ್ಟೀರಿಯಾ ತುಂಬಿದ ನೀರಲ್ಲೇ ಇದ್ದೂ ಬದುಕೋದು ಹೇಗೆ? ಮೊದಲು ಗಟ್ಟಿ ಚಿಪ್ಪು. ಗಾಯವಾದ್ರೆ ರಕ್ತ ಬೇಗ ಹೆಪ್ಪುಗಟ್ಟುತ್ತೆ. ಒಳಗೆ ಬಂದದ್ದನ್ನು ಕಣಗಳು ನುಂಗುತ್ತವೆ. ಇನ್ನೊಂದು ಅಸ್ತ್ರವನ್ನು ಸ್ವೀಡನ್ನಿನ ಉಪ್ಸಾಲದಲ್ಲಿ ಕೆನೆತ್ ಸೋಡರ್‌ಹಾಲ್ ಮತ್ತು ಜೊತೆಗಾರರು ಕ್ರೇಫಿಶ್‌ನಲ್ಲಿ ಬಿಡಿಸಿ ತೋರಿಸಿದರು: ಸೂಕ್ಷ್ಮಾಣುವಿನ ಹೊರಗೋಡೆಯ ಅಂಶ ಗುರುತು ಸಿಕ್ಕಿದ ಕೂಡಲೇ ಒಂದು ಕಿಣ್ವ ಎಚ್ಚರಾಗಿ, ಕಪ್ಪು ಮೆಲನಿನ್ ತಯಾರಾಗಿ, ಶತ್ರುವನ್ನು ಅದರೊಳಗೇ ಮುಚ್ಚಿಹಾಕುತ್ತೆ.

5/5
"ಬಿಕಾಂ ಓದೋರಿಗೆ ಇದೆಲ್ಲ ಯಾಕೆ?" ಅಂತೀರಾ? ಇಲ್ಲಿದೆ ಲೆಕ್ಕ. ಸಿಗಡಿ ನಮ್ಮ ದೇಶದ ದೊಡ್ಡ ರಫ್ತು. ಕುಮಟಾ, ಅಂಕೋಲಾ ಕಡೆನೂ ಸಾಕ್ತಾರೆ. ಆಂಟಿಬಾಡಿಯೇ ಇಲ್ಲದ ಜೀವಿಗೆ ನಮ್ಮ ಥರದ ಲಸಿಕೆ ನಡೆಯಲ್ಲ. ಹಾಗಂತ ಹೊಂಡಕ್ಕೆ ಆಂಟಿಬಯೋಟಿಕ್ ಸುರಿದ್ರೆ? ಅದರ ಅಂಶ ಸಿಕ್ಕಿದ್ದಕ್ಕೇ ಭಾರತದ ಸಿಗಡಿ ಯುರೋಪು, ಅಮೆರಿಕದಿಂದ ವಾಪಸ್ ಬಂದದ್ದಿದೆ. ಉಳಿಯೋ ದಾರಿ ಒಂದೇ: ನೀರು ಚೊಕ್ಕಟ, ಮರಿ ಆರೋಗ್ಯವಂತ, ಹೊಂಡದಲ್ಲಿ ನೂಕುನುಗ್ಗಲು ಬೇಡ. ಅಂದ್ರೆ, ಮೆಚ್ನಿಕಾಫ್ ಕಂಡ ಆ ಕಣಗಳಿಗೆ ಗೆಲ್ಲೋಕೆ ಅವಕಾಶ ಕೊಡೋದು.

ನಿಮ್ಮೂರಲ್ಲಿ ಸಿಗಡಿ ಹೊಂಡ ಇದೆಯಾ? ಅಲ್ಲಿ ರೋಗ ಬಂದ್ರೆ ಏನ್ ಮಾಡ್ತಾರೆ? ಕಾಮೆಂಟಲ್ಲಿ ಹೇಳಿ 🦐

#ಇತಿಹಾಸ #ವಿಜ್ಞಾನ #ಕನ್ನಡದಲ್ಲಿಓದಿ