ದೋರಸಮುದ್ರದ ಕರಣಿಕರ ಗಣಿತಾಭ್ಯಾಸ

ಹಳೇಬೀಡೆಂದೊಡನೆ ನಮಗೆ ಶಿಲ್ಪವೇ ನೆನಪಾಗುವುದು. ಆ ದೇವಾಲಯಗಳ ದತ್ತಿಗೆ ಲೆಕ್ಕವಿಡುತ್ತಿದ್ದ ಕರಣಿಕರೂ ಸೇನಬೋವರೂ (ಈ ಮಾತೇ ಮುಂದೆ ‘ಶಾನಭೋಗ’ವಾದುದು) ತಮ್ಮ ವಿದ್ಯೆಯನ್ನು ಯಾವ ಕ್ರಮದಿಂದ ಕಲಿತರೆಂದು ವಿಚಾರಿಸಿದವರು ವಿರಳ.

ಇದಕ್ಕೆ ಮುಖ್ಯವಾದ ಸಾಧನವು ಜೈನಕವಿ ರಾಜಾದಿತ್ಯನ ‘ವ್ಯವಹಾರಗಣಿತ’. ಸೂತ್ರವನ್ನು ಪದ್ಯದಲ್ಲಿ ಹೇಳಿ, ಟೀಕನ್ನೂ ಉದಾಹರಣೆಯನ್ನೂ ಕೊಡುವುದು ಇವನ ರೀತಿ. ಛಂದಸ್ಸು ಇಲ್ಲಿ ಅಲಂಕಾರಕ್ಕಲ್ಲ. ಓಲೆಯನ್ನು ಬಿಚ್ಚದೆ ಬಾಯಿಂದಲೇ ಲೆಕ್ಕ ಹೇಳಬೇಕಾದವನ ಸೌಕರ್ಯಕ್ಕೆ. ಆದರೆ ಕಂಠಪಾಠವೊಂದೇ ಸಾಲದು. ನಾಲ್ಕು ವೀಸಕ್ಕೆ ಹಾಗ, ನಾಲ್ಕು ಹಾಗಕ್ಕೆ ಹಣ, ಹತ್ತು ಹಣಕ್ಕೆ ಗದ್ಯಾಣ. 12 ಗದ್ಯಾಣದ ದತ್ತಿಗೆ, ಗದ್ಯಾಣವೊಂದಕ್ಕೆ ತಿಂಗಳಿಗೊಂದು ಹಾಗದಂತೆ ಬಡ್ಡಿಯಿರಲೆನ್ನೋಣ. ವರ್ಷಕ್ಕೆ 144 ಹಾಗ, ಎಂದರೆ 3 ಗದ್ಯಾಣ 6 ಹಣ. ಕರಣಿಕನು ಇಲ್ಲಿ ತಪ್ಪಿದನಾದರೆ ನಂದಾದೀಪಕ್ಕೆ ಎಣ್ಣೆಯಿಲ್ಲ! ಪಂಚರಾಶಿಕವನ್ನು ಉದಾಹರಣೆಗಳಿಂದ ಪಳಗಿಸಿದುದು ಇದಕ್ಕಾಗಿಯೇ.

ಈ ಕ್ರಮವು ಎಲ್ಲಿಂದ ಬಂದಿತು? ಕವಿಚರಿತಕಾರರು ರಾಜಾದಿತ್ಯನನ್ನು ವಿಷ್ಣುವರ್ಧನನ ಕಾಲಕ್ಕೆ, ಸು. 1120ಕ್ಕೆ, ಸೇರಿಸಿದರು, ಇಮ್ಮಡಿ ಬಲ್ಲಾಳನ ಕಾಲಕ್ಕೆ, ಸು. 1190ಕ್ಕೆ, ಇಳಿಸುವವರೂ ಉಂಟು. ಇದು ಬರಿಯ ಕಾಲವಿವಾದವಲ್ಲ. ಇವನು ‘ಲೀಲಾವತಿ’ಯೆಂಬುದೊಂದನ್ನೂ ರಚಿಸಿದ್ದಾನೆ, ಭಾಸ್ಕರಾಚಾರ್ಯರ ‘ಲೀಲಾವತಿ’ ಹುಟ್ಟಿದುದು 1150ರಲ್ಲಿ. ಎರಡನೆಯ ಪಕ್ಷವನ್ನು ಹಿಡಿದವರು ಕನ್ನಡಿಗನನ್ನು ಸಾಲಗಾರನೆಂದು ಸುಲಭವಾಗಿ ಹೇಳಿಬಿಡಬಹುದು. ಹೆಸರೊಂದರಿಂದಲೇ ಋಣವನ್ನು ಸ್ಥಾಪಿಸುವುದು ಸಾಹಸವೆಂದು ನನ್ನ ಎಣಿಕೆ. ಅಮೋಘವರ್ಷನ ಆಶ್ರಯದಲ್ಲಿ ಮಹಾವೀರಾಚಾರ್ಯನು 9ನೆಯ ಶತಮಾನದಲ್ಲಿಯೇ ‘ಗಣಿತಸಾರಸಂಗ್ರಹ’ವನ್ನು ಸಂಸ್ಕೃತದಲ್ಲಿ ರಚಿಸಿದ್ದನು. ಸೂತ್ರದ ಬೆನ್ನಿಗೆ ಉದಾಹರಣೆಯನ್ನಿಡುವ ಪದ್ಧತಿ ಅಲ್ಲಿಯೂ ಇದೆ. ಜೈನನಾದ ರಾಜಾದಿತ್ಯನಿಗೆ ಆ ಮನೆಯ ಬಾಗಿಲೇ ಹತ್ತಿರವಾಗಿದ್ದಿತು.